ನಮ್ಮೂರಿನಲ್ಲಿ ಸ್ಫೋಟ

ಜುಲೈ 11, ವಿಶ್ವ ಜನಸಂಖ್ಯಾ ದಿನ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ. ಕೊಡಗಿನ ನಮ್ಮೂರ ಸಮುದಾಯ ಭವನದ ಗೋಡೆಯಲ್ಲಿ ‘ಜನಸಂಖ್ಯಾ ಸ್ಫೋಟ: ಕಾರಣ, ಪರಿಹಾರ’ ಅಂತ ಬ್ಯಾನರು. ಕೇಳಲು ಬಂದವರು ಹನ್ನೆರಡು ಜನ. ಅದರಲ್ಲಿ ಅರವತ್ತು ದಾಟದವರು ಇಬ್ಬರೇ: ಆಶಾ ಕಾರ್ಯಕರ್ತೆ ಮತ್ತು ಟೀ ತಂದ ಹುಡುಗ.

ಭಾಷಣಕಾರರು ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಶುರು ಮಾಡಿದರು. ಎದುರಿಗೆ ಕೂತಿದ್ದವರ ಆರತಿ ಬೆಂಗಳೂರಿನಲ್ಲಿ, ಕೀರ್ತಿ ದುಬೈಯಲ್ಲಿ. ‘ದಯವಿಟ್ಟು ಎರಡಕ್ಕೆ ನಿಲ್ಲಿಸಿ’ ಎಂದು ಅವರು ಕೈ ಮುಗಿದರು. ಮುಂದಿನ ಸಾಲಿನ ಎಪ್ಪತ್ತೆರಡರ ಅಕ್ಕ, ‘ಆಗಲಿ ಸಾರ್, ಇನ್ನು ಮುಂದೆ ಹುಷಾರಾಗಿರ್ತೀನಿ’ ಎಂದು ಮಾತು ಕೊಟ್ಟರು.

ನನ್ನ ಬಳಿ ಗಣತಿಯ ಅಂಕಿ ಇತ್ತು. 2001ರಲ್ಲಿ ಕೊಡಗಿನ ಜನ 5,48,561. 2011ರಲ್ಲಿ 5,54,519. ಹತ್ತು ವರ್ಷಕ್ಕೆ ಜಾಸ್ತಿ ಆದವರು 5,958, ಅಂದರೆ ಶೇ 1.09. ಅದೇ ಹತ್ತು ವರ್ಷದಲ್ಲಿ ಇಡೀ ರಾಜ್ಯ ಶೇ 15.6 ಬೆಳೆದಿತ್ತು. ಇದೇ ನಡಿಗೆಯಲ್ಲಿ ಹೋದರೆ ರಾಜ್ಯದ ಜನ ದುಪ್ಪಟ್ಟಾಗಲು ಸುಮಾರು 48 ವರ್ಷ ಸಾಕು. ನಮಗೆ ಸುಮಾರು 640 ವರ್ಷ ಬೇಕು. ಇಷ್ಟು ಉದ್ದದ ಬತ್ತಿ ಇರುವ ಬಾಂಬನ್ನು ನಾನು ಎಲ್ಲೂ ಕಂಡಿಲ್ಲ. ಜಿಲ್ಲೆಯಲ್ಲಿ ನಿಜವಾಗಿ ಹೆಚ್ಚಿದ್ದು ತಾಲೂಕುಗಳು. ಮೂರಿದ್ದದ್ದು ಐದಾಯಿತು. ಅವುಗಳಿಗೆ ಯಾರೂ ‘ಎರಡು ಸಾಕು’ ಅನ್ನಲಿಲ್ಲ.

ಲೆಕ್ಕ ಸುಲಭ ಅಲ್ವಾ? ಹುಟ್ಟಿದವರಲ್ಲಿ ಸತ್ತವರನ್ನು ಕಳೆಯಬೇಕು. ಬಂದವರನ್ನು ಕೂಡಬೇಕು, ಹೋದವರನ್ನು ಕಳೆಯಬೇಕು. ಭಾಷಣದಲ್ಲಿ ಬಂದದ್ದು ಹುಟ್ಟಿದವರು ಮಾತ್ರ. ಅವರೂ ಕಡಿಮೆಯೇ. ಜನಸಂಖ್ಯೆ ಇದ್ದಲ್ಲೇ ಇರಬೇಕಾದರೂ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳು ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ್ದು 1.7.

ಇನ್ನು ಹೋದವರು. ಐನ್‌ಮನೆ ಅಂದರೆ ಕುಟುಂಬದ ಮೂಲಮನೆ. ಅಲ್ಲಿ ಸುಗ್ಗಿಹಬ್ಬ ಪುತ್ತರಿಗೆ ಮೂವತ್ತು ಎಲೆ ಹಾಕುತ್ತಾರೆ, ಮಾರನೇ ದಿನಕ್ಕೆ ಎರಡು. ಗಣತಿಯವರು ಎಣಿಸುವುದು ನೀವು ಹುಟ್ಟಿದ ಮನೆಯನ್ನಲ್ಲ, ಎಣಿಕೆಯ ಹೊತ್ತಿಗೆ ನೀವು ವಾಸ ಇರುವ ಜಾಗವನ್ನು. ಹಾಗಾಗಿ ನಮ್ಮ ಮಕ್ಕಳು ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾರೆ. ಕಾಫಿ ಕೊಯ್ಯಲು ಅಸ್ಸಾಮಿನಿಂದ ಬಂದು ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಉಳಿದವರು ನಮ್ಮ ಲೆಕ್ಕಕ್ಕೆ. ಶನಿವಾರ ಅಬ್ಬಿ ಜಲಪಾತಕ್ಕೆ ನುಗ್ಗುವವರು ಯಾರ ಲೆಕ್ಕಕ್ಕೂ ಇಲ್ಲ, ಅವರ ಚಿಪ್ಸ್ ಪ್ಯಾಕೆಟ್ ಮಾತ್ರ ಖಾಯಂ ನಿವಾಸಿ.

‘ಈಗ ಎಷ್ಟು ಜನ ಇದ್ದೀವಿ ಸಾರ್?’ ಎಂದು ಕೇಳಿದೆ. ‘2011ರ ಪ್ರಕಾರ...’ ಎಂದು ಶುರು ಮಾಡಿದರು. 2021ರ ಗಣತಿ 2027ಕ್ಕೆ ಹೋಯಿತು. ಅಷ್ಟರವರೆಗೆ ಕೊಡಗಿನಲ್ಲಿ ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ. ಪಕ್ಕದ ಮನೆಯ ಅಜ್ಜ ತಿಥಿ ಊಟ ಹಾಕಿಸಿಕೊಂಡು ಎಷ್ಟೋ ವರ್ಷವಾಯಿತು, ಸರ್ಕಾರದ ಅಂಕಿಯಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

ಟೀ ಕುಡಿದು ಎದ್ದೆವು. ಬಾಗಿಲಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋದರೆ ನನ್ನ ಕ್ರಮಸಂಖ್ಯೆ 84. ಬಂದವರು ಹನ್ನೆರಡೇ ಅಲ್ವಾ ಎಂದೆ. ‘ವರದಿಗೆ ಬೇಕಲ್ಲ ಸಾರ್’ ಎಂದರು ಪುಸ್ತಕ ಹಿಡಿದವರು. ಒಂದು ಮಧ್ಯಾಹ್ನಕ್ಕೆ ಶೇ 600. ಹುಟ್ಟಿದವರಿಲ್ಲ, ವಲಸೆ ಬಂದವರಿಲ್ಲ. ಸುಮ್ನೆ ಸಹಿ ಹಾಕಿ, ಕೊಡೆ ಬಿಡಿಸಿದೆ.