ಫೋಟೋ ಅವರ ಕೈ ಸೇರಬೇಕು

ಹೋದ ವಾರ ಬೆಳಿಗ್ಗೆ ಸ್ಟುಡಿಯೋ ಶಟರ್ ಎತ್ತಲು ಹೋದಾಗ ಒಬ್ಬ ಹುಡುಗ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದ. ಕೈಯಲ್ಲಿ ಒಂದು ಆಧಾರ್ ಕಾರ್ಡು. "ಅಜ್ಜಿ ತೀರಿಕೊಂಡರು ಸಾರ್. ಹನ್ನೆರಡನೇ ದಿನಕ್ಕೆ ಫೋಟೋ ಇಡಬೇಕು. ಇದೊಂದೇ ಇರೋದು. ದೊಡ್ಡದು ಮಾಡಿಕೊಡ್ತೀರಾ?" ಅಂದ.

ಕಾರ್ಡಿನ ಮೇಲಿದ್ದ ಮುಖ ನನ್ನ ಹೆಬ್ಬೆರಳಿನಷ್ಟೇ ಇತ್ತು. ಲ್ಯಾಮಿನೇಷನ್ ಒಳಗೆ ನೀರು ಹೋಗಿ ಒಂದು ಕೆನ್ನೆ ಪೂರ್ತಿ ಬಿಳುಚಿಕೊಂಡಿತ್ತು. ಕಣ್ಣು ಗಾಬರಿಯಾದ ಹಾಗೆ ಅಗಲವಾಗಿತ್ತು. ಆಧಾರ್ ತೆಗೆಸುವಾಗ ಯಾರೋ "ಇಲ್ಲಿ ನೋಡಿ ಅಜ್ಜಿ" ಅಂದಿರಬೇಕು, ಅವರು ಬೆಚ್ಚಿ ನೋಡಿರಬೇಕು. ಆ ಒಂದು ನೋಟ ಇನ್ನು ಮುಂದೆ ಗೋಡೆ ಮೇಲೆ, ಹಾರದ ಒಳಗೆ ಇರುತ್ತದೆ.

ಹುಡುಗ ಹೋದ ಮೇಲೆ ನೆನಪಾಯಿತು, ಆ ಮನೆಯ ಮದುವೆಗೆ ಫೋಟೋ ತೆಗೆದವನು ನಾನೇ. ಕಂಪ್ಯೂಟರಿನಲ್ಲಿ ಹುಡುಕಿದೆ. ಎರಡು ದಿನದ ಮದುವೆ, ಎರಡು ಸಾವಿರದ ಮೇಲೆ ಫೋಟೋ. ಮಂಟಪದ ಹೂವಿಗೆ ಅರವತ್ತು, ಬಳೆಗೆ ನಲವತ್ತು, ಮದುಮಗಳ ಕಣ್ಣಿಗೆ ಎಷ್ಟೋ. ಅಜ್ಜಿ ಮೂರು ಫೋಟೋದಲ್ಲಿದ್ದಾರೆ. ಒಂದರಲ್ಲಿ ಬೆನ್ನು. ಇನ್ನೊಂದರಲ್ಲಿ ಯಾರದ್ದೋ ಹೆಗಲ ಹಿಂದೆ ಅರ್ಧ ಮುಖ. ಮೂರನೆಯದರಲ್ಲಿ ಕೈ ಮಾತ್ರ, ಅಕ್ಷತೆ ಹಾಕುತ್ತಿರುವ ಕೈ. ಅದು ತುಂಬಾ ಚೆನ್ನಾಗಿ ಬಂದಿದೆ, ಫೋಕಸ್ ಸರಿಯಾಗಿ ಬೆರಳ ಮೇಲಿದೆ. ಆದರೆ ಯಾರ ಕೈ ಅಂತ ಆ ಮನೆಯವರಿಗೂ ಗೊತ್ತಾಗಲಿಕ್ಕಿಲ್ಲ.

ಆ ದಿನ ಬೇರೆ ಕೆಲಸ ಮಾಡಲು ಆಗಲಿಲ್ಲ. ಮೂವತ್ತು ವರ್ಷದಿಂದ ಈ ಕೆಲಸದಲ್ಲಿ ಇದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಅರ್ಥವಾಗಿರುವುದನ್ನು ಒಮ್ಮೆ ಬರೆದಿಡೋಣ ಅನ್ನಿಸಿತು. ಉದ್ದ ಆಗಬಹುದು, ಓದಿ.

ನಾನು ಕೆಲಸ ಕಲಿತದ್ದು ಸಾಗರದ ಒಂದು ಹಳೇ ಸ್ಟುಡಿಯೋದಲ್ಲಿ, ಡಾರ್ಕ್‌ರೂಮ್ ಇದ್ದ ಕಾಲದಲ್ಲಿ. ಕಲರ್ ರೋಲುಗಳು ಆಗಲೇ ಶಿವಮೊಗ್ಗದ ಲ್ಯಾಬಿಗೆ ಹೋಗುತ್ತಿದ್ದವು. ಪಾಸ್‌ಪೋರ್ಟ್ ಸೈಜಿನ ಕಪ್ಪು ಬಿಳುಪು ಮಾತ್ರ ನಾವೇ ತೊಳೆಯುತ್ತಿದ್ದೆವು. ಕೆಂಪು ದೀಪ, ಚಿತ್ರ ಮೂಡಿಸುವ ಡೆವಲಪರ್, ಅದು ಅಳಿಯದಂತೆ ಮಾಡುವ ಹೈಪೋ, ಆಮೇಲೆ ನೀರು. ಖಾಲಿ ಕಾಗದದ ಮೇಲೆ ಮೊದಲು ಕೂದಲು, ಹುಬ್ಬು, ಕಣ್ಣು ಮೂಡುತ್ತಿದ್ದವು. ಮೂಗು, ಕೆನ್ನೆ ಆಮೇಲೆ. ಎಷ್ಟು ಸಲ ನೋಡಿದರೂ ನನಗೆ ಅದು ಹಳೆಯದಾಗಲಿಲ್ಲ.

ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಟಚಿಂಗ್ ಮಾಡುವುದನ್ನು ಗುರುಗಳೇ ಕಲಿಸಿದರು. ಮೊಡವೆ ತೆಗೆ, ಗಾಯ ತೆಗೆ, ಮಚ್ಚೆ ಮಾತ್ರ ಮುಟ್ಟಬೇಡ ಅನ್ನುತ್ತಿದ್ದರು. "ಮೊಡವೆ ಇವತ್ತು ಇರ್ತದೆ, ನಾಳೆ ಹೋಗ್ತದೆ. ಮಚ್ಚೆಯನ್ನ ಅವರ ಅಮ್ಮ ಹುಡುಕ್ತಾಳೆ." ಈಗಲೂ ನನ್ನ ಸ್ಟುಡಿಯೋದಲ್ಲಿ ಇದೇ ನಿಯಮ. "ಸ್ವಲ್ಪ ಬೆಳ್ಳಗೆ ಮಾಡಿ ಸಾರ್" ಅಂತ ದಿನಕ್ಕೆ ನಾಲ್ಕು ಜನ ಕೇಳುತ್ತಾರೆ. ಬೆಳಕು ಸರಿ ಮಾಡಿಕೊಡುತ್ತೇನೆ, ಬಣ್ಣ ಬದಲಾಯಿಸುವುದಿಲ್ಲ. ಕೆಲವರು ಬೇಜಾರಾಗಿ ಎದುರಿನ ಅಂಗಡಿಗೆ ಹೋಗಿದ್ದಾರೆ. ಹೋಗಲಿ. ಬಿಸಿಲಲ್ಲಿ ಗದ್ದೆ ಕೆಲಸ ಮಾಡಿ ಬಂದ ಮುಖವನ್ನು ಹಿಟ್ಟು ಬಳಿದ ಹಾಗೆ ಮಾಡಿಕೊಟ್ಟರೆ, ನಿಮ್ಮ ಮುಖ ಸರಿ ಇಲ್ಲ ಅಂತ ನಾನೇ ಹೇಳಿ ಸಹಿ ಹಾಕಿದ ಹಾಗೆ ಅಲ್ವಾ?

ನಮ್ಮ ಸೀಮೆಯಲ್ಲಿ ಫೋಟೋ ಅನ್ನುವುದಕ್ಕೆ ಬೇರೆಯದೇ ಒಂದು ತೂಕ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಕಣಿವೆಯ ಎಷ್ಟೋ ಊರು, ಗದ್ದೆ, ತೋಟ, ದೇವಸ್ಥಾನ ನೀರಿನಡಿಗೆ ಹೋದವು. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದರ ಗೋಡೆ ಮೇಲೆ ಏಳುತ್ತದೆ, ಕ್ಯಾಮೆರಾ ಇದ್ದವರೆಲ್ಲ ಓಡುತ್ತಾರೆ. ನಾನೂ ಓಡಿದ್ದೇನೆ. ಆದರೆ ಮುಳುಗಡೆ ಸಂತ್ರಸ್ತರ ಮನೆಗಳಿಗೆ ಹೋಗಿ ಕೇಳಿ ನೋಡಿ, ಬಿಟ್ಟು ಬಂದ ಮನೆಯ ಫೋಟೋ ಇದೆಯಾ ಅಂತ. ನಾನು ಕೇಳಿದ ಕಡೆಯೆಲ್ಲ ಇಲ್ಲ ಅಂದರು. ಒಬ್ಬ ಹಿರಿಯರು ಸ್ಟುಡಿಯೋಗೆ ಬಂದು ಕಾಗದದ ಮೇಲೆ ಬಾಲ್‌ಪೆನ್ನಿನಲ್ಲಿ ಅವರ ಹಳೇ ಮನೆ ಬರೆದು ತೋರಿಸಿದರು. ಜಗಲಿ ಇಲ್ಲಿ, ಬಾವಿ ಇಲ್ಲಿ, ಹಲಸಿನ ಮರ ಇಲ್ಲಿ. "ಇದನ್ನ ಫೋಟೋ ಮಾಡಕ್ಕೆ ಆಗ್ತದಾ?" ಅಂತ ಕೇಳಿದರು. ಆ ಕಾಗದ ಈಗಲೂ ನನ್ನ ಮೇಜಿನ ಗಾಜಿನ ಕೆಳಗೆ ಇದೆ.

ಈ ಹೊಳೆಯ ಮೇಲೆ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನೂ ಹೇಳಬೇಕು.

ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್, ಅಂದರೆ ದೊಡ್ಡ ದೋಣಿ, ನಿಮಗೆಲ್ಲ ಗೊತ್ತು. ಆಗ ಸಿಗಂದೂರಿನ ದೇವಸ್ಥಾನಕ್ಕೆ ಹೋದವರೆಲ್ಲ ಹತ್ತಿದ್ದೀರಿ. ಬಸ್ಸು, ಜೀಪು, ದನ, ಜನ, ಎಲ್ಲ ಒಟ್ಟಿಗೆ ನೀರು ದಾಟುತ್ತಿದ್ದವು. ನಾನು ಇಪ್ಪತ್ತು ವರ್ಷ ಅದರ ಫೋಟೋ ತೆಗೆದೆ. ಸಂಜೆಯ ಬೆಳಕಿನಲ್ಲಿ, ಮಂಜಿನಲ್ಲಿ, ಮಳೆಯಲ್ಲಿ. ಒಂದು ಸ್ಪರ್ಧೆಯಲ್ಲಿ ಬಹುಮಾನ ಕೂಡ ಬಂತು. ಕೆಂಪು ಆಕಾಶ, ಕಪ್ಪಾಗಿ ಕಾಣುವ ಲಾಂಚ್, ಅಂಚಿನಲ್ಲಿ ನಿಂತ ಜನರ ನೆರಳು. ಅದನ್ನು ಫ್ರೇಮ್ ಹಾಕಿಸಿ ಸ್ಟುಡಿಯೋ ಗೋಡೆಗೆ ತೂಗು ಹಾಕಿದ್ದೆ.

ಒಂದು ದಿನ ಹೊಳೆಯ ಆಚೆ ದಡದ ತುಮರಿ ಕಡೆಯವರೊಬ್ಬರು ಪಾಸ್‌ಪೋರ್ಟ್ ಫೋಟೋಗೆ ಬಂದರು. ಅದನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಮೆತ್ತಗೆ ಹೇಳಿದರು, "ಚೆಂದ ಇದೆ ಸಾರ್. ಆದರೆ ಇದು ಲಾಸ್ಟ್ ಲಾಂಚು. ಇದು ಹೋದ ಮೇಲೆ ನಮ್ಮ ಕಡೆ ಯಾರಿಗೆ ಹುಷಾರು ತಪ್ಪಿದರೂ ಬೆಳಿಗ್ಗೆ ತನಕ ಕಾಯಬೇಕು." ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಫೋಟೋ ತೆಗೆಸಿಕೊಂಡು, ದುಡ್ಡು ಕೊಟ್ಟು ಹೋದರು.

ಅವತ್ತೇ ರಾತ್ರಿ ಹಳೇ ನೆಗೆಟಿವ್‌ಗಳನ್ನು ತೆಗೆದು ನೋಡಿದೆ. ನೂರಾರು ಲಾಂಚ್ ಫೋಟೋ. ಹೆಚ್ಚಿನವುಗಳಲ್ಲಿ ಯಾರ ಮುಖವೂ ಸರಿಯಾಗಿಲ್ಲ. ಬರೀ ನೆರಳು. ಜನರನ್ನು ನಾನು ಬಳಸಿಕೊಂಡಿದ್ದೆ, ಆಕಾಶಕ್ಕೆ ಅಳತೆ ಸಿಗಲಿ ಅಂತ. ಆ ಜನ ದಿನಾ ಅದೇ ಹೊಳೆ ದಾಟಿ ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ ಬರುವವರು. ಸೇತುವೆ ಬೇಕು ಅಂತ ದಶಕಗಳ ಕಾಲ ಕೇಳಿದವರು.

ಆಮೇಲೆ ನಾನು ಲಾಂಚ್ ಹತ್ತಿದರೆ ಹೊಳೆ ಕಡೆಗೆ ಬೆನ್ನು ಮಾಡಿ ನಿಲ್ಲಲು ಶುರು ಮಾಡಿದೆ. ಮೊದಲು ಮಾತಾಡಿಸುವುದು. ಹೆಸರು ಕೇಳುವುದು. ಕ್ಯಾಮೆರಾ ಚೀಲದಲ್ಲೇ ಇರುತ್ತಿತ್ತು. ಎಷ್ಟೋ ಸಲ ಆ ದಡ ಬರುವವರೆಗೂ ಒಂದೂ ತೆಗೆಯುತ್ತಿರಲಿಲ್ಲ.

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಮೈಸೂರಿನ ಟಿ. ಎಸ್. ಸತ್ಯನ್ ಅವರ ಫೋಟೋಗಳು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ನಾನು ಅವರನ್ನು ಕಂಡವನಲ್ಲ. ಅವರು ತೆಗೆದ ಮಕ್ಕಳ ಫೋಟೋಗಳನ್ನು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ಟಿತ್ತು. ಆ ಮಕ್ಕಳು ಬಡವರ ಮನೆಯವರು, ಬರಿಗಾಲಿನವರು. ಆದರೆ ನೋಡುವವರಿಗೆ ಅಯ್ಯೋ ಪಾಪ ಅನ್ನಿಸುವುದಿಲ್ಲ. ಆ ಮಗು ನಮ್ಮ ಓಣಿಯದ್ದು, ಈಗ ಕೂಗಿದರೆ ತಿರುಗಿ ನೋಡುತ್ತದೆ ಅನ್ನಿಸುತ್ತದೆ. ಜೊತೆಗೆ ಕೂತು, ಕಾದು ತೆಗೆದರೆ ಮಾತ್ರ ಹಾಗೆ ಬರುತ್ತದೆ ಅಂತ ನನ್ನ ನಂಬಿಕೆ. ದುಬಾರಿ ಲೆನ್ಸಿನಿಂದ ಬರುವುದಿಲ್ಲ.

ಇನ್ನೊಂದು ಮಾತು. ಪ್ರಿಂಟ್ ಹಾಕಿಸಿ.

2012ರಲ್ಲಿ ನನ್ನ ಒಂದು ಹಾರ್ಡ್‌ಡಿಸ್ಕ್ ಹೋಯಿತು. ಎರಡು ವರ್ಷದ ಕೆಲಸ. ಬೆಂಗಳೂರಿಗೆ ತೆಗೆದುಕೊಂಡು ಹೋದೆ, ಏನೂ ವಾಪಸ್ ಬರಲಿಲ್ಲ. ಆಲ್ಬಮ್ ಮಾಡಿಸಿದ್ದ ಮನೆಗಳಲ್ಲಿ ಮಾತ್ರ ಫೋಟೋ ಉಳಿದಿದೆ. ಪೆನ್‌ಡ್ರೈವ್ ಸಾಕು ಅಂದಿದ್ದ ಮೂರು ಮನೆಯವರು ಆಮೇಲೆ ಬಂದು ಕೇಳಿದಾಗ ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಅವರ ಪೆನ್‌ಡ್ರೈವೂ ಹೋಗಿತ್ತು.

ಕಾಗದ ಎಷ್ಟು ಗಟ್ಟಿ ಅನ್ನುವುದಕ್ಕೆ ಹಂಪಿಯ ಉದಾಹರಣೆ ಕೊಡುತ್ತೇನೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೇನಾಧಿಕಾರಿ ಹಂಪಿಯ ಫೋಟೋಗಳನ್ನು ತೆಗೆದರು. ನೆಗೆಟಿವ್ ಕೂಡ ಕಾಗದದ್ದೇ, ಮೇಣ ಹಚ್ಚಿದ ಕಾಗದ. ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದವು. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅನ್ನುವ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 50 ರೂಪಾಯಿ ನೋಟಿನ ಮೇಲಿದೆಯಲ್ಲ ಕಲ್ಲಿನ ರಥ, ಗ್ರೀನ್‌ಲಾ ಫೋಟೋದಲ್ಲಿ ಅದರ ತಲೆಯ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಇಲ್ಲ. ಆ ಕಾಗದ ಉಳಿಯದೆ ಹೋಗಿದ್ದರೆ ನಾವು ರಥ ಮೊದಲಿಂದಲೂ ಹೀಗೇ ಇತ್ತು ಅಂದುಕೊಂಡು ಸುಮ್ನೆ ಇರುತ್ತಿದ್ದೆವು.

ನಮ್ಮ ಮಲೆನಾಡಿನ ಮಳೆಯಲ್ಲಿ ಕಾಗದಕ್ಕೂ ಕಷ್ಟ ಇದೆ, ಒಪ್ಪುತ್ತೇನೆ. ಬೂಸ್ಟು ಹಿಡಿಯುತ್ತದೆ. ಲೆನ್ಸಿಗೇ ಫಂಗಸ್ ಬರುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ನನ್ನ ಕಪಾಟಿನೊಳಗೆ ಒಂದು ಸಣ್ಣ ಬಲ್ಬ್ ಹಗಲು ರಾತ್ರಿ ಉರಿಯುತ್ತಿರುತ್ತದೆ, ಕ್ಯಾಮೆರಾ ಮತ್ತು ನೆಗೆಟಿವ್ ಬೆಚ್ಚಗಿರಲಿ ಅಂತ. ಮನೆಯವಳು ಬಾಣಂತಿ ಕೋಣೆ ಅಂತ ಅದಕ್ಕೆ ಹೆಸರಿಟ್ಟಿದ್ದಾಳೆ. ಅಷ್ಟು ಆರೈಕೆ ಮಾಡಿದರೆ ಉಳಿಯುತ್ತದೆ.

2025ರ ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಸೇತುವೆ ಉದ್ಘಾಟನೆ ಆಯಿತು. ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ಲಾಂಚಿನ ಫೋಟೋ ತೆಗೆಯಲು ಎಲ್ಲೆಲ್ಲಿಂದಲೋ ಜನ ಬಂದರು. ನಾನು ಹೋಗಲಿಲ್ಲ. ಅದರ ಬದಲು ಕಪಾಟು ತೆಗೆದು ಕೂತೆ. ತುಮರಿಯವರ ಆ ಲಾಸ್ಟ್ ಲಾಂಚಿನ ಮಾತು ಕೇಳಿದ ಮೇಲೆ ತೆಗೆದವು, ಮೊದಲಿನವು, ಎಲ್ಲ ಹುಡುಕಿದೆ. ಮುಖ ಗುರುತು ಸಿಗುವ ಫೋಟೋ ಒಂದೊಂದನ್ನೂ ಪೋಸ್ಟ್‌ಕಾರ್ಡಿನಷ್ಟು ಸೈಜಿನಲ್ಲಿ ಪ್ರಿಂಟ್ ಹಾಕಿಸಿದೆ. ಹತ್ತಿರ ಹತ್ತಿರ ನೂರೈವತ್ತು ಆಯಿತು. ತುಮರಿಯ ಒಂದು ಚಹಾ ಅಂಗಡಿಯಲ್ಲಿ ಬೆಂಚಿನ ಮೇಲೆ ಹರಡಿ ಕೂತೆ. ನಿಮ್ಮದು ಇದ್ದರೆ ತಗೊಳ್ಳಿ, ದುಡ್ಡು ಬೇಡ ಅಂದೆ.

ಮೊದಲು ಮಕ್ಕಳು ಬಂದರು, ಆಮೇಲೆ ದೊಡ್ಡವರು. ಕಾಲೇಜು ಚೀಲ ಹಾಕಿಕೊಂಡ ಹುಡುಗಿಯ ಫೋಟೋವನ್ನು ಆಕೆಯೇ ಮಗು ಎತ್ತಿಕೊಂಡು ಬಂದು ತೆಗೆದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಒಂದೊಂದೇ ಎತ್ತಿ ನೋಡುತ್ತಾ ಒಂದರ ಹತ್ತಿರ ನಿಂತರು. ಅದು ನಾನು ಬಸ್ಸಿನ ಫೋಟೋ ಅಂತ ತೆಗೆದದ್ದು, 2004ರದ್ದು. ಲಾಂಚಿನಿಂದ ಬಸ್ಸು ಇಳಿಯುತ್ತಿದೆ, ಕಂಡಕ್ಟರ್ ಕೈ ಬೀಸುತ್ತಿದ್ದಾನೆ. ಅವರು ಬಸ್ಸು ನೋಡಲಿಲ್ಲ. ಎಡಗಡೆ ಮೂಲೆಯಲ್ಲಿ ಪಂಚೆ ಮೇಲೆ ಕಟ್ಟಿದ ಒಬ್ಬ ಮನುಷ್ಯ, ಹೆಗಲ ಮೇಲೆ ಅಕ್ಕಿ ಚೀಲ, ಕೈಯಲ್ಲಿ ಚಪ್ಪಲಿ. ಅಲ್ಲಿ ಬೆರಳು ಇಟ್ಟರು.

"ನಮ್ಮ ಮನೆಯವರು" ಅಂದರು. "ಲಾಂಚಿಂದ ಇಳಿಯುವಾಗ ಯಾವಾಗಲೂ ಹೀಗೇ. ಚಪ್ಪಲಿ ನೆನೀತದೆ ಅಂತ ಕೈಯಲ್ಲಿ ಹಿಡ್ಕೊಳ್ಳೋರು." ಸ್ವಲ್ಪ ಹೊತ್ತು ಬಿಟ್ಟು, "ಅವರೊಬ್ಬರನ್ನೇ ದೊಡ್ಡದು ಮಾಡಕ್ಕೆ ಆಗ್ತದಾ?" ಅಂತ ಕೇಳಿದರು.

ನೆಗೆಟಿವ್ ಇದೆ, ಆಗ್ತದೆ ಅಂದೆ. ಅವರು ಸಣ್ಣ ಪ್ರಿಂಟನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡರು. ಚೀಲದ ತೂಕಕ್ಕೆ ಒಂದು ಕಡೆ ವಾಲಿದ ಹೆಗಲು, ಕೈಯ ಚಪ್ಪಲಿ, ಏನನ್ನೂ ಕತ್ತರಿಸದೆ ದೊಡ್ಡದು ಮಾಡಿದೆ. ಸೇತುವೆ ಆದ ಮೇಲೆ ಒಂದು ಭಾನುವಾರ ಬೈಕಿನಲ್ಲಿ ಹೋಗಿ ಕೊಟ್ಟು ಬಂದೆ. ಹೊಳೆ ದಾಟಲು ಐದು ನಿಮಿಷವೂ ಬೇಕಾಗಲಿಲ್ಲ.