ದೋಣಿಯಿಂದ ರೈಲಿಗೆ, ಚಿಗರಿಯಿಂದ ಎಲ್ಲಿಗೆ?

ಬ್ಯಾಂಕಾಕ್ ನೋಡಿ ಬಂದ ನಮ್ಮ ಕಡೆಯ ಜನ ಹೆಚ್ಚಾಗಿ ಮಾತಾಡುವುದು ಅಲ್ಲಿನ ಮಾಲ್‌ಗಳ ಬಗ್ಗೆ, ಮುಗಿಲಿಗೆ ಮುಟ್ಟುವ ಕಟ್ಟಡಗಳ ಬಗ್ಗೆ. ‘ನಮ್ಮ ಹುಬ್ಬಳ್ಳಿ ಹಂಗ ಯಾವಾಗ ಆದೀತು?’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಆ ಊರಿನಿಂದ ಹುಬ್ಬಳ್ಳಿ-ಧಾರವಾಡ ಕಲಿಯಬೇಕಾದದ್ದು ಖಂಡಿತ ಇದೆ, ಅದಕ್ಕೆ ಮಾಲ್ ಕಟ್ಟುವ ಅಗತ್ಯವೇ ಇಲ್ಲ.

ನಾನು ಹಳೇ ಹುಬ್ಬಳ್ಳಿಯವನು, ಈಗ ಪುಣೆ ನಿವಾಸಿ. ನಡುವೆ ನೌಕರಿಯ ಮೇಲೆ ಕೆಲವು ವರ್ಷ ಬ್ಯಾಂಕಾಕ್‌ನಲ್ಲಿದ್ದೆ. ಈ ಸಲ ಮತ್ತೆ ಅಲ್ಲಿಗೆ ಹೋದದ್ದು ಸಾಲಿ ಗೆಳೆಯರ ಜೊತೆ. ಒಬ್ಬ ಹುಬ್ಬಳ್ಳಿಯಲ್ಲಿ ಹೂವಿನ ವ್ಯಾಪಾರಿ, ಇನ್ನೊಬ್ಬ ಧಾರವಾಡದಲ್ಲಿ ಕಾಲೇಜು ಮಾಸ್ತರ. ಜೊತೆಗೆ ಮಾಸ್ತರನ ಹೆಂಡತಿ, ನಮಗೆಲ್ಲ ವೈನಿ. ಮೂವರೂ ದೇಶ ಬಿಟ್ಟು ಹೊರಗೆ ಕಾಲಿಟ್ಟದ್ದು ಇದೇ ಮೊದಲು. ಗೊತ್ತಿರುವ ಊರನ್ನು ಗೊತ್ತಿಲ್ಲದವರ ಜೊತೆ ಸುತ್ತಿದರೆ, ಅಲ್ಲೇ ವಾಸವಿದ್ದಾಗ ಗಮನಕ್ಕೇ ಬಾರದ ಎಷ್ಟೋ ಸಂಗತಿ ಕಣ್ಣಿಗೆ ಬೀಳುತ್ತವೆ.

ಅರಮನೆ, ಗುಡಿಗಳನ್ನು ಎಲ್ಲರೂ ನೋಡುತ್ತಾರೆ, ನಾವೂ ನೋಡಿದೆವು. ಪಚ್ಚೆ ಬುದ್ಧನ ಗುಡಿಯ ಸುತ್ತ ಪೌಳಿಯ ಗೋಡೆಯ ಮೇಲೆ ಥಾಯ್ ರಾಮಾಯಣದ 178 ಚಿತ್ರಗಳಿವೆ. ಮಾಸ್ತರ ಒಂದೊಂದರ ಮುಂದೂ ನಿಂತು ಕತೆ ಬಿಡಿಸಿ ಹೇಳಿದ. ಅಲ್ಲಿಯ ಹನುಮಂತ ರಾವಣನ ಮಗಳು ಮತ್ಸ್ಯಕನ್ಯೆಯನ್ನು ಒಲಿಸಿಕೊಳ್ಳುತ್ತಾನೆ ಎಂದಾಗ ವೈನಿ ಗಲ್ಲದ ಮೇಲೆ ಕೈಯಿಟ್ಟುಕೊಂಡು, ‘ಅಯ್ಯ ಶಿವನ, ನಮ್ಮ ಹನಮಪ್ಪಗ ಹೆಂಡ್ತೀನ್ನ ತಂದು ಬಿಟ್ಟಾರಲ್ರೀ ಇವ್ರು!’ ಅಂದರು.

ಹೂವಿನ ಗೆಳೆಯ ಅರಳಿದ್ದು ಪಾಕ್ ಕ್ಲೋಂಗ್ ತಲಾತ್ ಹೂವಿನ ಮಾರ್ಕೆಟ್ಟಿನಲ್ಲಿ. ಹಗಲು ರಾತ್ರಿ ಬಾಗಿಲು ಹಾಕದ ಪೇಟೆ ಅದು. ಒಳಗೆ ಹೋದ ಮೇಲೆ ಅವನು ನಮ್ಮನ್ನು ಮರೆತೇಬಿಟ್ಟ. ತೊಟ್ಟಿಲ್ಲದ ಚೆಂಡುಹೂವನ್ನು ಗಾತ್ರ ನೋಡಿ ಬೇರೆ ಬೇರೆ ಚೀಲಕ್ಕೆ ತುಂಬಿದ್ದನ್ನು ಒತ್ತಿ ನೋಡಿದ. ಐಸಿನಲ್ಲಿಟ್ಟ ಮಲ್ಲಿಗೆ ಮೊಗ್ಗನ್ನು ಮೂಗಿಗೆ ಹಿಡಿದು, ‘ನಮ್ಮ ದುಂಡುಮಲ್ಲಿಗಿನ ಇದು’ ಅಂದ. ಒಬ್ಬ ಅಜ್ಜಿ ಗೇಣಿಗಿಂತ ಉದ್ದದ ಸೂಜಿಗೆ ಮೊಗ್ಗುಗಳನ್ನು ಸುತ್ತು ಸುತ್ತಾಗಿ ಏರಿಸಿ, ತುಂಬಿದ ಮೇಲೆ ಒಮ್ಮೆಲೇ ದಾರಕ್ಕೆ ಜಾರಿಸುತ್ತಿದ್ದಳು. ಮಾಲೆ ಬಿಳಿ ಹಗ್ಗದ ಹಾಗೆ ಬಿಗಿಯಾಗಿ ಇಳಿಯುತ್ತಿತ್ತು. ಗೆಳೆಯ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ದಾರ ಇಸಕೊಂಡು, ನಮ್ಮ ಕಡೆ ಕಟ್ಟುವ ಹಾಗೆ ಬೆರಳಿಗೆ ಸುತ್ತಿ ಗಂಟು ಹಾಕಿ ನಾಲ್ಕು ಮೊಗ್ಗು ಕಟ್ಟಿ ತೋರಿಸಿದ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅಜ್ಜಿ ಆ ಗಂಟನ್ನು ಬಿಚ್ಚಿ, ತಾನೂ ಹಾಕಿ ನೋಡಿದಳು.

ಹೊರಗೆ ಬಂದು ಅವನು ಹೇಳಿದ್ದು ಹೂವಿನ ಮಾತಲ್ಲ. ‘ಮಂದಿ ಇಲ್ಲಿಗೆ ಹೆಂಗ ಬರ್ತಾರ ನೋಡಿದೇನು? ನಡಕೋತ ಬರ್ತಾರ.’ ನಿಜ. ಒಂದು ಕಡೆ ನದಿಯ ದೋಣಿಕಟ್ಟೆ, ಇನ್ನೊಂದು ಕಡೆ 2019ರಲ್ಲಿ ತೆರೆದ ಸನಮ್ ಚಾಯ್ ಮೆಟ್ರೊ ನಿಲ್ದಾಣ. ಎರಡರಿಂದಲೂ ಕೈಯಲ್ಲಿ ಚೀಲ ಹಿಡಿದು ನಡೆದು ಬರಬಹುದು. ಎಲ್ಲರ ಬಾಯಲ್ಲೂ ಇರುವ ಕಟ್ಟಡಗಳಿಗಿಂತ ಇದು ದೊಡ್ಡದು ಎಂದು ನನಗನ್ನಿಸಿದ್ದು ಆಗಲೇ.

ಮರುದಿನ ಬೇಕೆಂದೇ ಅವರನ್ನು ಸೇನ್ ಸೇಪ್ ಕಾಲುವೆಯ ದೋಣಿ ಹತ್ತಿಸಿದೆ. ದಂಡು ಸಾಗಿಸಲೆಂದು 1837ರಲ್ಲಿ ಅಗೆಸಲು ಶುರು ಮಾಡಿದ ಕಾಲುವೆ ಅದು. ಇವತ್ತು ನೀರು ಕಪ್ಪು, ವಾಸನೆಯೂ ಉಂಟು. ಅದರಲ್ಲೇ 1990ರಿಂದ ಸುಮಾರು 18 ಕಿ.ಮೀ. ದೂರ ಊರಿನ ಜನ ಕೆಲಸಕ್ಕೆ ಹೋಗಿ ಬರುತ್ತಿದ್ದಾರೆ. ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಾ ಟಿಕೆಟ್ ಹರಿಯುತ್ತಾನೆ. ಸೇತುವೆ ತಗ್ಗಾಗಿದ್ದರೆ ದೋಣಿಯ ಚಾವಣಿಯನ್ನೇ ಇಳಿಸುತ್ತಾರೆ. ಎದುರಿಂದ ಇನ್ನೊಂದು ದೋಣಿ ಬಂದರೆ ಅಂಚಿಗೆ ಕೂತವರು ಹಗ್ಗ ಜಗ್ಗಿ ಪ್ಲಾಸ್ಟಿಕ್ ಪರದೆ ಮೇಲಕ್ಕೆತ್ತಬೇಕು, ಇಲ್ಲದಿದ್ದರೆ ಒಳಗಿನವರೆಲ್ಲ ತೋಯುತ್ತಾರೆ. ವೈನಿಯ ಪಕ್ಕ ಇಸ್ತ್ರಿ ಅಂಗಿಯ ಆಫೀಸಿನ ಹುಡುಗಿ, ಹಿಂದೆ ಕಾಯಿಪಲ್ಲೆ ಚೀಲದ ಮುದುಕಿ. ಎರಡನೇ ಸಲ ಪರದೆ ಎತ್ತಬೇಕಾದಾಗ ಹಗ್ಗ ಜಗ್ಗಿದವರು ವೈನಿಯೇ.

ಹುವಾ ಚಾಂಗ್ ಕಟ್ಟೆಯಲ್ಲಿ ಇಳಿದು, ಸ್ವಲ್ಪ ನಡೆದು ರಾಚತೇವಿಯಲ್ಲಿ ರಸ್ತೆಯ ಮೇಲೆ ಕಂಬಗಳ ಮೇಲೆ ಓಡುವ ರೈಲು ಹತ್ತಿದೆವು. ಸಿಯಾಮ್‌ನಲ್ಲಿ ಇಳಿದರೆ ಬದಲಾಯಿಸಬೇಕಾದ ರೈಲು ಅದೇ ಪ್ಲಾಟ್‌ಫಾರ್ಮಿನ ಆಚೆ ಬದಿಗೆ. ಹತ್ತಿ ಇಳಿಯುವ ತಾಪತ್ರಯವಿಲ್ಲ, ಅಡ್ಡ ದಾಟಿದರೆ ಮುಗಿಯಿತು. ಸಫಾನ್ ತಾಕ್ಸಿನ್ ನಿಲ್ದಾಣದ ಮೆಟ್ಟಿಲಿಳಿದರೆ ಮುಂದೆಯೇ ಚಾವೊ ಫ್ರಾಯಾ ನದಿಯ ಕಟ್ಟೆ. ಅಲ್ಲಿಯ ದೋಣಿಗಳಿಗೆ ಬಾವುಟದ ಬಣ್ಣವೇ ಗುರುತು. ಅಕ್ಷರ ಬಾರದವರೂ ಕಿತ್ತಳೆ ಬಾವುಟ ನೋಡಿ ಹತ್ತಬಹುದು.

ಬ್ಯಾಂಕಾಕ್‌ನಲ್ಲಿ ಎಲ್ಲವೂ ಸರಿಯಿದೆ ಎನ್ನುತ್ತಿಲ್ಲ. ಫುಟ್‌ಪಾತ್ ಎಷ್ಟೋ ಕಡೆ ಒಡೆದಿದೆ. ಸಂಜೆ ಕಾರುಗಳು ನಿಂತಲ್ಲೇ ನಿಂತಿರುತ್ತವೆ. ದೋಣಿಗೂ ರೈಲಿಗೂ ಟಿಕೆಟ್ ಬೇರೆ ಬೇರೆ. ಶಾಕಾಹಾರಿಗಳಿಗಂತೂ ಕಷ್ಟದ ಊರು, ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. ವೈನಿ ಕಟ್ಟಿಕೊಂಡು ಬಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ನಮ್ಮನ್ನು ಕಾಪಾಡಿತು. ಹಳದಿ ಬಾವುಟದ ಮೇಲೆ ಕೆಂಪಾಗಿ 17 ಎಂದು ಬರೆದಂತೆ ಕಾಣುವ ಗುರುತಿದ್ದ ಅಂಗಡಿಗಳಲ್ಲೂ ಉಂಡೆವು. ಅಲ್ಲಿ ಮಾಂಸ ಮೀನಷ್ಟೇ ಅಲ್ಲ, ಬಳ್ಳೊಳ್ಳಿಯೂ ಇಲ್ಲ.

ಹೇಳಬೇಕಾದ ಮುಖ್ಯ ಮಾತು ಮುಂದಿದೆ. ಕೊನೆಯ ಎರಡು ದಿನ ವೈನಿ ಒಬ್ಬರೇ ತಿರುಗಾಡಿದರು. ಗಂಡ ಹೋಟೆಲಿನಲ್ಲಿ ಮಲಗಿದ್ದಾಗ ರೈಲು ಹತ್ತಿ, ದೋಣಿ ಹತ್ತಿ, ಅರುಣ ದೇಗುಲ ನೋಡಿ, ಹೂವಿನ ಪೇಟೆಗೆ ಹೋಗಿ ಆ ಅಜ್ಜಿಯ ಹತ್ತಿರವೇ ಮಾಲೆ ಕೊಂಡು ಊಟದ ಹೊತ್ತಿಗೆ ವಾಪಸು ಬಂದರು. ನಾನು ಬೆರಗಾಗಿದ್ದಕ್ಕೆ ಅವರು ಅಂದದ್ದಿಷ್ಟು: ‘ಅಣ್ಣಾರ, ಧಾರವಾಡದಾಗ ಇಷ್ಟ್ ವರ್ಷ ಸಂಸಾರ ಮಾಡೀನಿ. ಹುಬ್ಬಳ್ಳಿ ದುರ್ಗದಬೈಲ ಪ್ಯಾಟಿಗೆ ಒಮ್ಮೆರೆ ಒಬ್ಬಾಕಿನ ಹೋಗಿಲ್ಲ ನೋಡ್ರಿ.’

ಯಾಕೆ ಹೋಗಿಲ್ಲ? ಚಿಗರಿ ಇಲ್ಲವೇ? ಇದೆ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಲು ಶುರುವಾದ, 2020ರ ಫೆಬ್ರುವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆಯಾದ ಸೊಗಸಾದ ಬಸ್ಸು ಅದು. ಸುಮಾರು 22 ಕಿ.ಮೀ. ದಾರಿ, ನಡುರಸ್ತೆಯ ನಿಲ್ದಾಣ, ಮೆಟ್ಟಿಲು ಹತ್ತದೆ ನೇರ ಒಳಗೆ ಕಾಲಿಡುವ ಅನುಕೂಲ. ಪುಣೆಯಲ್ಲಿ ನಮಗೆ ಇಷ್ಟು ಚೆಂದದ್ದು ದಕ್ಕಿಲ್ಲ ಎಂದು ಅಲ್ಲಿಯ ಗೆಳೆಯರಿಗೆ ನಾನು ಹೇಳುತ್ತಲೇ ಇರುತ್ತೇನೆ. ತೊಡಕಿರುವುದು ಚಿಗರಿಯ ಎರಡೂ ತುದಿಗೆ. ಧಾರವಾಡದ ಕೆಲಗೇರಿ ಕಡೆಯ ಮನೆಯಿಂದ ಚಿಗರಿ ನಿಲ್ಲುವ ಜುಬಿಲಿ ಸರ್ಕಲ್‌ಗೆ ಬರುವುದು ಹೇಗೆ? ಸಿಟಿ ಬಸ್ಸು ಇದೆ, ಯಾವಾಗ ಬರುತ್ತದೆಂದು ನಿಂತವರಿಗೆ ತಿಳಿಯದು. ಆಟೊದವನ ಜೊತೆ ಚೌಕಾಸಿ ಮಾಡಬೇಕು. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ದುರ್ಗದಬೈಲು ದೂರವೇನಲ್ಲ, ಆದರೆ ಬೈಕು, ಕೈಗಾಡಿ, ಅಗೆದ ರಸ್ತೆಗಳ ನಡುವೆ ದಾರಿ ಮಾಡಿಕೊಂಡು ನಡೆಯಬೇಕು. ವೈನಿಗೆ ಮೊಣಕಾಲು ನೋವು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದ ಎಂಬ ಹೆಮ್ಮೆ ನನಗೂ ಇದೆ. ಆದರೆ ಅಂಥ ಕಾಲಿನವರು ಅಲ್ಲಿಂದ ಹೊರಬಿದ್ದ ಮೇಲೆ ಮುಂದೇನು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

‘ಕೇಳಿದ್ರ ಯಾರರೆ ಹೇಳ್ತಾರ’ ಎನ್ನುತ್ತಾರೆ ನಮ್ಮ ಜನ. ಹೇಳುತ್ತಾರೆ, ನಿಜ. ಧಾರವಾಡದಲ್ಲಿ ವಿಳಾಸ ಕೇಳಿದರೆ ಅಂಗಡಿ ಬಿಟ್ಟು ಮೂಲೆಯ ತನಕ ಬಂದು, ‘ಯಾರ ಮನಿಗ್ರೀ? ಅವ್ರು ನಿಮಗ ಏನಾಗಬೇಕು?’ ಎಂದು ವಿಚಾರಿಸಿ ದಾರಿ ತೋರಿಸುವವರಿದ್ದಾರೆ. ಹೊರಗೆ ಬದುಕುವ ನನಗೆ ಆ ದನಿಯ ಬೆಲೆ ಗೊತ್ತು, ಬ್ಯಾಂಕಾಕ್‌ನಲ್ಲಿ ಅದು ನನಗೆ ಸಿಗಲಿಲ್ಲ. ಆದರೆ ಕೇಳಲು ನಾಚುವ ಹೆಣ್ಣುಮಗಳು, ಊರಿಗೆ ಹೊಸದಾಗಿ ಬಂದ ವಿದ್ಯಾರ್ಥಿ, ಕಣ್ಣು ಮಂಜಾದ ಮುದುಕ ಇವರೆಲ್ಲ ಇನ್ನೊಬ್ಬರ ದಯೆಗೆ ಕಾದು ನಿಲ್ಲಬೇಕೇ? ಬ್ಯಾಂಕಾಕ್ ವೈನಿಯನ್ನು ಕಾಯಿಸಲಿಲ್ಲ.

ಈಗ ಚಿಗರಿಯ ದಾರಿಯಲ್ಲಿ ಇನ್ನೂ ದೊಡ್ಡ ಎಲೆಕ್ಟ್ರಿಕ್ ವಾಹನ ಓಡಿಸುವ ಮಾತು ಕೇಳಿಬರುತ್ತಿದೆ. ತರಲಿ. ಆದರೆ ಅದಕ್ಕೂ ಮೊದಲು ಜುಬಿಲಿ ಸರ್ಕಲ್‌ನಿಂದ ಕೆಲಗೇರಿ, ಸಪ್ತಾಪುರ, ಮಾಳಮಡ್ಡಿಗೆ ಹೊತ್ತಿಗೆ ಸರಿಯಾಗಿ ಓಡುವ ಸಣ್ಣ ಬಸ್ಸು ಬೇಕು. ದಾರಿಗೊಂದು ಬಣ್ಣ ಕೊಟ್ಟು ಬಸ್ಸಿನ ಹಣೆಗೆ ಅದೇ ಬಣ್ಣ ಬಳಿಯಲಿ. ಹುಬ್ಬಳ್ಳಿಯಲ್ಲಿ ಇಳಿದಲ್ಲಿಂದ ದುರ್ಗದಬೈಲಿನ ತನಕ ನೆರಳಿರುವ, ಬೈಕು ಏರದ ಫುಟ್‌ಪಾತ್ ಆಗಲಿ. ಆಮೇಲೆ ಅಲ್ಲಿ ಹೂ ಮಾರುವವರನ್ನು ಎಬ್ಬಿಸಬಾರದು. ನಡೆದು ಬರುವ ಗಿರಾಕಿ ಹೂ ಕೊಳ್ಳದೆ ಹೋಗುವುದಿಲ್ಲ ಎನ್ನುವುದು ನನ್ನ ವ್ಯಾಪಾರಿ ಗೆಳೆಯನ ಅನುಭವ.

ವೈನಿ ತಮ್ಮ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಇದೇ ಬೇಡಿಕೆಯ ಅರ್ಜಿ ಬರೆಸುತ್ತಿದ್ದಾರೆ. ಬಸ್ಸು ಎಲ್ಲೆಲ್ಲಿ ನಿಲ್ಲಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ, ದಿನಾ ಸಂಜೆ ವಾದ ನಡೆದಿದೆ.