ಚೆಕ್ಕುಬಂದಿ ತಪ್ಪಿದ ಭಾನುವಾರ

ಮೂವತ್ತೆರಡು ವರ್ಷ ಸರ್ವೆಯರ್ ಆಗಿ ಹೊಲಗದ್ದೆ ಅಳೆದವನು ನಾನು. ಬದು ಎಲ್ಲಿತ್ತು, ಕಲ್ಲು ಯಾರು ಕಿತ್ತರು ಅಂತ ಹೇಳಿ ಅಣ್ಣನಿಂದಲೂ ತಮ್ಮನಿಂದಲೂ ಬೈಸಿಕೊಂಡವನು. ಯಾವ ಊರಿನಲ್ಲಿ ಇಳಿಸಿದರೂ ಸೂರ್ಯನನ್ನು ಒಂದು ಸಲ ನೋಡಿ ಚೆಕ್ಕುಬಂದಿ, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿ, ಹೇಳಬಲ್ಲೆ ಅನ್ನೋದು ನನ್ನ ಜಂಬ. ಆ ಜಂಬ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ, ಒಂದು ಭಾನುವಾರ, ಮಟಮಟ ಮಧ್ಯಾಹ್ನ ಇಳಿಯಿತು. ಸಾಕ್ಷಿಗೆ ನನ್ನ ಹೆಂಡತಿ ಇದ್ದಳು.

ಮಗಳಿಗೆ ಅಲ್ಲಿ ಕೆಲಸ. ನವೆಂಬರ್‌ನಲ್ಲಿ ನಮ್ಮಿಬ್ಬರನ್ನೂ ಮೈಸೂರಿನಿಂದ ಕರೆಸಿಕೊಂಡಳು. ಅವಳು ಆಫೀಸಿಗೆ ಹೋದರೆ ಊರು ನೋಡೋದು ನಮ್ಮಿಬ್ಬರ ಜವಾಬ್ದಾರಿ. "ಅಪ್ಪಾ, ಫೋನ್ ನೋಡ್ಕೊಂಡು ಹೋಗಿ" ಅಂತ ದಿನಾ ಹೇಳಿ ಹೋಗುತ್ತಿದ್ದಳು. ಸರ್ವೆಯರ್‌ಗೆ ಫೋನ್ ನೋಡಿ ನಡಿ ಅನ್ನೋದು, ಅಡುಗೆ ಭಟ್ಟರಿಗೆ ಪ್ಯಾಕೆಟ್ ಮೇಲೆ ಬರೆದಿರೋದು ಓದಿ ಸಾರು ಮಾಡಿ ಅಂದ ಹಾಗೆ.

ಮೊದಲ ದಿನ ನುವೆವೆ ದೆ ಹುಲಿಯೊ ಅನ್ನೋ ರಸ್ತೆ. ಜುಲೈ 9 ಅಂತ ಅರ್ಥ, 1816ರಲ್ಲಿ ಅವರು ಸ್ವಾತಂತ್ರ್ಯ ಸಾರಿದ ದಿನ. ಅಗಲ 140 ಮೀಟರ್. ನಮ್ಮ 33 ಅಡಿ ಚೈನನ್ನು ಹದಿನಾಲ್ಕು ಸಲ ಹಾಕಬೇಕು. ನಮ್ಮ ಕಡೆ ಇಷ್ಟು ಅಗಲದಲ್ಲಿ ಮೂರು ತಲೆಮಾರು ಕೋರ್ಟಿಗೆ ಅಲೆದಿದ್ದಾರೆ. ಹಸಿರು ದೀಪ ಬಂದ ಕೂಡಲೇ ಹೊರಟೆವು. ಹೆಂಡತಿ ಸೀರೆ ನೆರಿಗೆ ಎತ್ತಿ ಹಿಡಿದು ಓಡಿದಳು. ಆದರೂ ಅರ್ಧ ದಾರಿಗೆ ಕೆಂಪು ಬಿತ್ತು. ನಡುವಿನ ದ್ವೀಪದಲ್ಲಿ ನಿಂತು ಒಬೆಲಿಸ್ಕ್ ನೋಡಿದೆವು. 67 ಮೀಟರ್ ಚಿಲ್ಲರೆ ಎತ್ತರದ ಬಿಳಿ ಕಂಬ. 1936ರ ಮಾರ್ಚ್‌ನಲ್ಲಿ ಶುರು ಮಾಡಿ ಮೇನಲ್ಲಿ ಮುಗಿಸಿದರಂತೆ. ನಾನಾಗಿದ್ದರೆ ಅಷ್ಟರಲ್ಲಿ ಅಕ್ಕಪಕ್ಕದವರಿಗೆ ಅಳತೆ ನೋಟಿಸ್ ಕಳಿಸಿ ಮುಗಿಸಿರುತ್ತಿದ್ದೆ, ಅಷ್ಟೇ.

ಆಮೇಲೆ ಒಂದು ದಿನ ರೆಕೊಲೆತಾ ಸ್ಮಶಾನ. ರಜಾ ಹಾಕಿ ಇಷ್ಟು ದೂರ ಬಂದು ಸ್ಮಶಾನ ನೋಡೋದಾ ಅಂತ ನನ್ನವಳು ಗೊಣಗಿದಳು. ಒಳಗೆ ಹೋದ ಮೇಲೆ ಸುಮ್ಮನಾದಳು. ಅದು ಸ್ಮಶಾನ ಅಲ್ಲ, ಲೇಔಟು. ಐದೂವರೆ ಹೆಕ್ಟೇರ್, ಅಂದರೆ 13 ಎಕರೆ 24 ಗುಂಟೆ. ಬೀದಿ, ಅಡ್ಡಬೀದಿ, ಅಮೃತಶಿಲೆಯ ಬಾಗಿಲು, ಗುಮ್ಮಟ. "ನಮ್ಮ ಮೂವತ್ತು-ನಲವತ್ತರ ಮನೆಗೆ ಒಂದು ಪೋರ್ಟಿಕೋ ಹಾಕ್ಸಿ ಅಂದ್ರೆ ಆಗಲ್ಲ ಅಂದ್ರಿ, ನೋಡಿ ಇಲ್ಲಿ ಸತ್ತೋರಿಗೂ ಇದೆ" ಅಂದಳು. ನಾವು ಹುಡುಕುತ್ತಿದ್ದುದು ಎವಿಟಾ ಪೆರೋನ್ ಸಮಾಧಿ, ಹಿಂದೆ ಅಲ್ಲಿ ಅಧ್ಯಕ್ಷರಾಗಿದ್ದ ಪೆರೋನ್ ಅವರ ಹೆಂಡತಿ. ಯಾವುದೋ ದೊಡ್ಡ ಮಂಟಪ ಇರುತ್ತೆ ಅಂತ ಒಂದೇ ದೇವತೆಯ ಮೂರ್ತಿಯನ್ನು ಮೂರು ಸಲ ಪ್ರದಕ್ಷಿಣೆ ಹಾಕಿದೆವು. ಕಡೆಗೆ ನೋಡಿದರೆ ಇಕ್ಕಟ್ಟಿನ ಸಂದಿಯಲ್ಲಿ ಒಂದು ಕಪ್ಪು ಕಲ್ಲಿನ ಗೋರಿ, ಮೇಲೆ ತವರಿನ ದುಆರ್ತೆ ಹೆಸರು. 1952ರಲ್ಲಿ ತೀರಿಕೊಂಡ ಆಕೆಯ ದೇಹ ಇಟಲಿ, ಸ್ಪೇನ್ ಎಲ್ಲ ಸುತ್ತಿ 1976ರಲ್ಲಿ ಇಲ್ಲಿ ಮಣ್ಣಾಯಿತು. "ಅದರ ಮುಂದೆ ನಾವು ಸುತ್ತಿದ್ದು ಏನೂ ಅಲ್ಲ ಬಿಡು" ಅಂದೆ. ಅವಳು ನಗಲಿಲ್ಲ. "ಇವತ್ತು ಮೋಡ ಕಣೇ, ಸೂರ್ಯ ಕಂಡಿದ್ರೆ ನೇರ ಕರ್ಕೊಂಡ್ ಬರ್ತಿದ್ದೆ" ಅಂದೆ.

ಭಾನುವಾರ ಸೂರ್ಯ ಕಂಡ. ಆಕಾಶದಲ್ಲಿ ಒಂದು ಚೂರೂ ಮೋಡ ಇಲ್ಲ.

ಅವತ್ತು ಸಾನ್ ತೆಲ್ಮೊ ಬೀದಿಯ ಸಂತೆಗೆ ಹೋಗೋದು ಅಂತ ತೀರ್ಮಾನ. ಹಳೆ ಸಾಮಾನು, ಬೀದಿಯಲ್ಲೇ ಟ್ಯಾಂಗೋ ಕುಣಿತ. ಮಗಳಿಗೆ ಕೆಲಸವಿತ್ತು. 1913ರಿಂದ ಓಡುತ್ತಿರುವ ಎ ಲೈನಿನ ಸುಬ್ತೆಯಲ್ಲಿ, ಅಂದರೆ ಅಲ್ಲಿನ ಸುರಂಗ ರೈಲಿನಲ್ಲಿ, ಪ್ಲಾಸಾ ದೆ ಮಾಯೊ ನಿಲ್ದಾಣಕ್ಕೆ ಬಂದು ಮೇಲೆ ಹತ್ತಿದೆವು. ಎದುರಿಗೆ ಕಾಸಾ ರೊಸಾದಾ, ಅಧ್ಯಕ್ಷರ ಗುಲಾಬಿ ಬಣ್ಣದ ಕಚೇರಿ. ಚೌಕದ ನಡುವೆ ನೆಲದ ಮೇಲೆ ಬಿಳಿ ತಲೆವಸ್ತ್ರಗಳ ಚಿತ್ರ ಬರೆದಿದ್ದಾರೆ. ಮಿಲಿಟರಿ ಆಡಳಿತದಲ್ಲಿ ಕಾಣೆಯಾದ ಮಕ್ಕಳಿಗಾಗಿ 1977ರಿಂದ ತಾಯಂದಿರು ಬಿಳಿ ವಸ್ತ್ರ ಕಟ್ಟಿಕೊಂಡು ಗುರುವಾರ ಗುರುವಾರ ಸುತ್ತು ಹಾಕಿದ ಜಾಗ ಅದು. ನನ್ನವಳು ಆ ಚಿತ್ರಗಳನ್ನು ತುಳಿಯದೆ ಸುತ್ತಿ ಬಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆಮೇಲೆ ನಾನು ಮಾತಾಡಿದೆ. ಅಲ್ಲೇ ಎಡವಟ್ಟಾಗಿದ್ದು.

ಮಗಳು ಹೇಳಿದ್ದು ಇಷ್ಟು: ಚೌಕದಿಂದ ದಕ್ಷಿಣಕ್ಕೆ ದೆಫೆನ್ಸಾ ಬೀದಿ, ಮನೆ ನಂಬರ್ ಸಾವಿರ ಬರೋವರೆಗೆ ನಡೀರಿ, ಸಂತೆಯ ಮೈದಾನ ಸಿಗುತ್ತೆ. ಸಮಯ ಹನ್ನೆರಡೂವರೆ. ನಮ್ಮ ಮೈಸೂರಿನಲ್ಲಿ ಆಷಾಢದಲ್ಲಿ ಸೂರ್ಯ ಒಂದಿಷ್ಟು ಉತ್ತರಕ್ಕೆ ವಾಲೋದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇದು ನವೆಂಬರ್. ಕಾರ್ತಿಕ ಮಾಸ. ಸೂರ್ಯ ದಕ್ಷಿಣದಲ್ಲೇ ಇರಬೇಕು. ಕಾಲ ಬುಡದಲ್ಲಿ ಮೊಳದುದ್ದದ ನೆರಳು. ನೆರಳಿಗೆ ಬೆನ್ನು ಹಾಕಿ ಕೈ ಚಾಚಿದೆ. "ಈ ಕಡೆ."

"ಅರಮನೆಗೆ ಮುಖ ಮಾಡಿ ಬಲಕ್ಕೆ ಅಂದಿದ್ಲು ಕಣ್ರೀ. ನೀವು ಎಡಕ್ಕೆ ತೋರಿಸ್ತಿದೀರ."

"ಎಡ-ಬಲ ನಿಂತವರ ಮೇಲೆ ಹೋಗುತ್ತೆ. ದಿಕ್ಕು ಹಾಗಲ್ಲ."

ಈ ಮಾತು ಈಗ ನಮ್ಮ ಮನೆಯಲ್ಲಿ ಗಾದೆಯಾಗಿದೆ. ಸಾರಿಗೆ ಉಪ್ಪು ಜಾಸ್ತಿ ಅಂದರೂ ಅವಳು ಇದನ್ನೇ ಹೇಳುತ್ತಾಳೆ.

ಬೀದಿಯ ಮೂಲೆಯಲ್ಲಿ ಬೋರ್ಡಿತ್ತು: ರೆಕೊಂಕಿಸ್ತಾ. ದೆಫೆನ್ಸಾ ಅಂತ ಇರಲಿಲ್ಲ. ನಿಲ್ಲಬೇಕಿತ್ತು ಅಲ್ವಾ? ಆದರೆ ರಿವಾದಾವಿಯಾ ರಸ್ತೆ ದಾಟಿದರೆ ಬೀದಿಗಳ ಹೆಸರು ಬದಲಾಗುತ್ತೆ ಅಂತ ಮಗಳೇ ಒಂದು ದಿನ ಹೇಳಿದ್ದಳು. "ಅದೇ ಬೀದಿ, ಹೆಸರು ಮಾತ್ರ ಬೇರೆ" ಅಂದೆ. ಅದು ಸುಳ್ಳೂ ಅಲ್ಲ. ಒಂದೇ ಬೀದಿಯ ಎರಡು ತುದಿ. ನಾನು ಹಿಡಿದದ್ದು ಇನ್ನೊಂದು ತುದಿ, ಅಷ್ಟೇ.

ಇನ್ನು ನಂಬರು. 100 ಆಯಿತು, 200 ಆಯಿತು, 300 ಆಯಿತು. ನಾನು ಪ್ರತಿ ಮೂಲೆಯಲ್ಲೂ ಗಟ್ಟಿಯಾಗಿ ಓದಿ ಹೆಂಡತಿಯ ಮುಖ ನೋಡುತ್ತಿದ್ದೆ. ಏರ್ತಾ ಇದೆ ನೋಡು! ಆಮೇಲೆ ಗೊತ್ತಾಯಿತು, ರಿವಾದಾವಿಯಾದಿಂದ ಆ ಕಡೆಗೂ ಈ ಕಡೆಗೂ ನಂಬರು ಏರುತ್ತಲೇ ಹೋಗುತ್ತದೆ. ಹೀಗೆ ಎರಡೂ ಕಡೆಗೆ ಸರ್ವೆ ನಂಬರ್ ಕೊಟ್ಟಿದ್ದರೆ ನಮ್ಮ ಸಾಹೇಬರು ನನ್ನನ್ನು ಅವತ್ತೇ ಸಸ್ಪೆಂಡ್ ಮಾಡುತ್ತಿದ್ದರು.

ಬೀದಿಯಲ್ಲಿ ಬರೀ ಬ್ಯಾಂಕುಗಳು. ಭಾನುವಾರ ಎಲ್ಲದಕ್ಕೂ ಬಾಗಿಲು. ಸಂತೆಗೆ ಹೋಗೋ ಒಂದು ನರಪಿಳ್ಳೆಯೂ ಇಲ್ಲ. "ಎಲ್ರೂ ಆಗಲೇ ಹೋಗಿರ್ಬೇಕು" ಅಂದೆ. ಸಾವಿರ ಬಂತು. ಸಂತೆ ಇರಲಿಲ್ಲ. ಸ್ವಲ್ಪ ಮುಂದೆ ಎದ್ದು ನಿಂತಿದ್ದು ಇಟ್ಟಿಗೆಯ ದೊಡ್ಡ ಗಡಿಯಾರ ಗೋಪುರ, ಪಕ್ಕದಲ್ಲಿ ರೈಲು ನಿಲ್ದಾಣ.

"ನಮ್ಮೂರಲ್ಲೇ ದೊಡ್ಡ ಗಡಿಯಾರ ಇದೆಯಲ್ರೀ" ಅಂದಳು. ಅಷ್ಟೇ ಅಂದದ್ದು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಆ ಗೋಪುರ ಅಲ್ಲಿನ ಬ್ರಿಟಿಷರು ಕೊಟ್ಟ ಉಡುಗೊರೆ, 1916ರಲ್ಲಿ ಉದ್ಘಾಟನೆಯಾದದ್ದು. ತಮಾಷೆ ಅಂದರೆ, ರೆಕೊಂಕಿಸ್ತಾ ಅನ್ನೋ ಹೆಸರು ಬಂದದ್ದೇ 1806ರಲ್ಲಿ ಬ್ರಿಟಿಷರ ಕೈಯಿಂದ ಊರನ್ನು ಮರಳಿ ಪಡೆದದ್ದಕ್ಕೆ. ದೆಫೆನ್ಸಾ ಅಂದರೆ ಮರುವರ್ಷ ಮತ್ತೆ ಬಂದವರನ್ನು ತಡೆದದ್ದು. ಅವರನ್ನು ಓಡಿಸಿದ ಬೀದಿ ಹಿಡಿದು ನಾನು ಹೆಂಡತಿಯನ್ನು ಸೀದಾ ಅವರ ಗಡಿಯಾರದ ಹತ್ತಿರವೇ ತಂದಿದ್ದೆ.

ಅಲ್ಲೇ ಒಬ್ಬ ಅಜ್ಜಿಯನ್ನು ಕೇಳಿದೆವು. "ಅಷಾ, ಅಷಾ" ಅಂತ ನಾವು ಬಂದ ದಾರಿಯನ್ನೇ ತೋರಿಸಿದರು. "ಯಾರ್ರೀ ಆಶಾ?" ಅಂದಳು ಇವಳು. ಆ ಕಡೆ ಅನ್ನೋದಕ್ಕೆ ಅವರು ಹಾಗನ್ನೋದು ಅಂತ ರಾತ್ರಿ ಮಗಳು ಬಿಡಿಸಿ ಹೇಳಿದಳು.

ಹೊಟ್ಟೆ ತಾಳ ಹಾಕುತ್ತಿತ್ತು. ಸಣ್ಣ ಅಂಗಡಿಯ ಗಾಜಿನ ಹಿಂದೆ ಸಾಲಾಗಿ ಕರ್ಜಿಕಾಯಿ! ಅವರ ಬಾಯಲ್ಲಿ ಎಂಪನಾದಾ. ಅಂಚನ್ನು ಜಡೆ ಹೆಣೆದ ಹಾಗೆ ಮಡಚಿದ್ದಾರೆ. ನಾವು ಹುಟ್ಟಾ ಸಸ್ಯಾಹಾರಿಗಳು. "ಸಿನ್ ಕಾರ್ನೆ", ಮಾಂಸ ಇಲ್ಲದ್ದು, ಅಂತ ಉರು ಹೊಡೆದದ್ದನ್ನು ಒಪ್ಪಿಸಿದೆ. ಅಂಗಡಿಯವನು ಖುಷಿಯಿಂದ ಎರಡು ಕೊಟ್ಟ. ಮುರಿದರೆ ಒಳಗೆ ಗುಲಾಬಿ ಬಣ್ಣದ ಚೂರು. "ಕಾರ್ನೆ?" ಅಂದೆ. "ನೋ, ನೋ! ಹಮೋನ್" ಅಂದ. ಹಂದಿ. ಆ ಊರಿನಲ್ಲಿ ಕಾರ್ನೆ ಅಂದರೆ ದನದ ಮಾಂಸ ಮಾತ್ರವಂತೆ, ಉಳಿದದ್ದು ಲೆಕ್ಕಕ್ಕಿಲ್ಲ. ನನ್ನವಳು ಗಾಜಿಗೆ ಮೂಗು ತಾಗಿಸಿ ಅಂಚುಗಳನ್ನೇ ನೋಡಿದಳು. "ಒಂದೊಂದು ಸಾಲಿಗೂ ಒಂದೊಂದು ಥರ ಮಡಚಿದಾರೆ ಕಣ್ರೀ. ಗುರುತಿಗೆ ಇರ್ಬೇಕು." ನಿಜವೇ, ಒಳಗಿನ ಹೂರಣಕ್ಕೆ ತಕ್ಕ ಮಡಿಕೆ. ಬೆರಳು ತೋರಿಸಿ ತೋರಿಸಿ ಕೇಳಿ ಕಡೆಗೆ ಮೆಕ್ಕೆಜೋಳದ ಹೂರಣದ್ದನ್ನು ಹಿಡಿದಳು. ಗಡಿ ಗುರುತಿಸೋ ಹದ್ದುಬಸ್ತಿನ ಕೆಲಸಕ್ಕೆ ನಾನಲ್ಲ, ಅವಳು ಸೇರಬೇಕಿತ್ತು.

ತಿಂದದ್ದು ಎದುರಿನ ಪ್ಲಾಸಾ ಸಾನ್ ಮಾರ್ತಿನ್‌ನಲ್ಲಿ, ಒಂದು ಮರದ ಕೆಳಗೆ. ಮೇಲೆಲ್ಲ ನೇರಳೆ ಹೂವು, ಬೆಂಚಿನ ಮೇಲೂ ಹೂವು. "ಇದು ನಮ್ಮ ಜಕರಂಡಾ ಅಲ್ವಾ? ನಮ್ಮಲ್ಲಿ ಮಾರ್ಚ್‌ನಲ್ಲಿ ಬಿಡುತ್ತೆ" ಅಂದಳು. ನಮ್ಮದಲ್ಲ, ಅದು ಆ ಖಂಡದ್ದೇ ಮರ, ನಮ್ಮಲ್ಲಿಗೆ ಅಲ್ಲಿಂದ ಬಂದದ್ದು. "ಇಲ್ಲಿ ನವೆಂಬರ್ ಅಂದ್ರೆ ವಸಂತ ಕಣೇ, ಭೂಮಧ್ಯರೇಖೆ ದಾಟಿದ್ರೆ ಎಲ್ಲಾ ಉಲ್ಟಾ..." ಅನ್ನುತ್ತಾ ಅನ್ನುತ್ತಾ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಊರು ಇರೋದು 34 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿ ನೆತ್ತಿಯ ಸೂರ್ಯ ವರ್ಷವಿಡೀ ಉತ್ತರಕ್ಕೇ ಇರುತ್ತಾನೆ. ನಾನು ಸೂರ್ಯನನ್ನು ಹಿಡಿದುಕೊಂಡು ಒಂದೂವರೆ ಕಿಲೋಮೀಟರ್ ಉತ್ತರಕ್ಕೆ ನಡೆದಿದ್ದೆ.

ಹೇಳದೇ ಇರಬಹುದಿತ್ತು. ಹೇಳಿದೆ. ಅವಳು ಕೈಗೆ ಅಂಟಿದ ಚೂರು ಒರೆಸಿಕೊಂಡು ಫೋನ್ ತೆಗೆದಳು. ಮಗಳು ಹೇಳಿಕೊಟ್ಟ ಹಾಗೆ ಸಿ ಲೈನಿನ ರೈಲು ಹಿಡಿದು, ಇಳಿದು, ಫೋನ್ ಹೇಳಿದ ಕಡೆ ತಿರುಗಿ ಸಾನ್ ತೆಲ್ಮೊ ಮುಟ್ಟಿಸಿದಳು. ನಾನು ಎರಡು ಹೆಜ್ಜೆ ಹಿಂದೆ, ಸರ್ವೆಯರ್ ಹಿಂದೆ ಚೈನ್ ಹಿಡಿದು ಬರೋ ಚೈನ್‌ಮ್ಯಾನ್ ಥರ.

ಸಂತೆಯಲ್ಲಿ ನೀಲಿ, ಹಸಿರು ಗಾಜಿನ ಸೋಡಾ ಬಾಟಲಿಗಳು, ಬೆಳ್ಳಿ ಚಮಚ, ಯಾರದೋ ಮದುವೆಯ ಹಳೆ ಫೋಟೋ. ಒಂದು ಜೋಡಿ ಕುಣಿಯುತ್ತಿತ್ತು. ಒಂದು ಮೇಜಿನ ಮುಂದೆ ಹೆಂಡತಿ ನಿಂತಳು. ಹಿತ್ತಾಳೆಯ ಪುಟ್ಟ ದಿಕ್ಸೂಚಿ. ಚೌಕಾಸಿ ಮಾಡದೆ ಕೊಂಡಳು, ಅದು ನಮ್ಮ ಮದುವೆಯಾದ ಮೇಲೆ ಮೊದಲ ಸಲ.

ಈಗ ಅದು ಮೈಸೂರಿನ ಮನೆಯ ಶೋಕೇಸಿನಲ್ಲಿದೆ. ಮುಳ್ಳು ಎಂದೋ ಕಚ್ಚಿಕೊಂಡಿದೆ, ಡಬ್ಬಿ ಎತ್ತ ತಿರುಗಿಸಿದರೆ ಅದೂ ಅತ್ತ ತಿರುಗುತ್ತದೆ. ಸದ್ಯಕ್ಕೆ ಅದರ ಪ್ರಕಾರ ಉತ್ತರ ಇರೋದು ನಮ್ಮ ಅಡುಗೆಮನೆಯಲ್ಲಿ. ಬಂದವರಿಗೆಲ್ಲ ಅವಳು ಹಾಗೆಯೇ ತೋರಿಸುತ್ತಾಳೆ. ನಾನು ಪೇಪರ್ ಓದುತ್ತಾ ಕೂತಿರುತ್ತೇನೆ.